ಖಂಡೇಪೂಜೆಗೆ ಬಂದ ಮಡಚುವ ಫೋನು

ಮನುಷ್ಯ ಮಾಡಿದ ಪ್ರತಿಯೊಂದು ಆಯುಧವೂ ಒಂದಲ್ಲ ಒಂದು ದಿನ ಅವನನ್ನೇ ಹುಡುಕಿಕೊಂಡು ಬರುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಹುಡುಕುವ ತ್ರಾಸು ಇರಲಿಲ್ಲ. ವರ್ಷಕ್ಕೊಮ್ಮೆ ಖಂಡೇನವಮಿಯ ದಿನ ಎಲ್ಲ ಆಯುಧಗಳನ್ನೂ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಪಡಸಾಲೆಯಲ್ಲಿ ಕೈಗೆ ಸಿಗುವಂತೆ ಸಾಲಾಗಿ ನಾವೇ ಇಡುತ್ತಿದ್ದೆವು.

ರೋಣದ ನಮ್ಮ ಮನೆಯ ಆ ಸಾಲನ್ನು ಎಡದಿಂದ ಬಲಕ್ಕೆ ನೋಡಿದರೆ ಮನೆತನದ ಇತಿಹಾಸ ತಿಳಿಯುತ್ತಿತ್ತು. ಮೊದಲು ಕೊಡಲಿ, ಅದು ನಮ್ಮ ಕಾಕಾನ ಎಡಗಾಲಿನ ಎರಡು ಬೆರಳು ತೆಗೆದುಕೊಂಡಿತ್ತು. ಅದರ ಪಕ್ಕ ಹಾರೆ. ಒಡ್ಡಿನ ಜಗಳದಲ್ಲಿ ಅಜ್ಜ ಪಕ್ಕದ ಹೊಲದವನ ಮೊಣಕಾಲನ್ನು ಅದರಿಂದಲೇ ಶಾಶ್ವತವಾಗಿ ನೆಟ್ಟಗೆ ಮಾಡಿದ್ದ. ಆಮೇಲೆ ಕುಡುಗೋಲು, ಈಳಿಗೆ, ಒನಕೆ. ಕೊನೆಗೆ ಎತ್ತು ಹೊಡೆಯುವ ಬಾರಕೋಲು. ಇದು ಸಾಲಿನಲ್ಲಿ ಕಿರಿಯದು, ಆದರೆ ಸಾಧನೆ ದೊಡ್ಡದು. ಆರು ವರ್ಷದ ಹಿಂದೆ ನನ್ನ ತಮ್ಮ ಇದರಿಂದಲೇ ನಮ್ಮ ತಂಗಿಯ ಗಂಡನ ಕೊರಳೆಲುಬು ಮುರಿದಿದ್ದ.

ಜಗಳಕ್ಕೆ ಕಾರಣ ಒಂದು ಎತ್ತು. ತಮ್ಮ ಅದನ್ನು ಗಜೇಂದ್ರಗಡದ ಕಡೆಯಿಂದ ಹೊಸದಾಗಿ ತಂದಿದ್ದ. ನರಗುಂದದಿಂದ ಬಂದಿದ್ದ ಭಾವ, ಅಂದರೆ ಈ ತಂಗಿಯ ಗಂಡ, ಅದರ ಬಾಯಿ ತೆರೆದು, ಹಲ್ಲು ನೋಡಿ, ಇದು ಮುದಿ ಎತ್ತು ಎಂದ. ಎತ್ತು ಏನೂ ಅನ್ನಲಿಲ್ಲ. ತಮ್ಮ ಅಂದ, ಬಾರಕೋಲಿನಿಂದ. ಭಾವ ಬೀಳುವ ಮೊದಲು ತಮ್ಮನ ಬಲಗಿವಿಯ ತುದಿಯನ್ನು ಹಲ್ಲಿನಿಂದ ಕತ್ತರಿಸಿಕೊಂಡು ಬಿದ್ದ. ಎತ್ತಿನ ವಯಸ್ಸು ಮಾತ್ರ ಕೊನೆಗೂ ಇತ್ಯರ್ಥವಾಗಲಿಲ್ಲ.

ಇದರ ಶಿಕ್ಷೆ ಅನುಭವಿಸಿದವಳು ಇಬ್ಬರಲ್ಲಿ ಯಾರನ್ನೂ ಹೊಡೆಯದ ತಂಗಿ. ನನಗೆ ತಂಗಿ, ತಮ್ಮನಿಗೆ ಅಕ್ಕ, ನಮ್ಮ ಅವ್ವನಿಗೆ ಒಬ್ಬಳೇ ಮಗಳು. ಭಾವ ಅವಳಿಗೆ ತವರು ಬಂದ್ ಮಾಡಿದ. ಆರು ವರ್ಷದಲ್ಲಿ ಅವಳು ಒಮ್ಮೆ ಮಾತ್ರ ರೋಣಕ್ಕೆ ಬಂದಳು, ಅವ್ವ ದವಾಖಾನೆಯಲ್ಲಿದ್ದಾಗ. ಅದೂ ಮಧ್ಯಾಹ್ನದ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋದಳು. ಅವ್ವನ ತಲೆ ಬಾಚಿ, ಜಡೆ ಪೂರ್ತಿ ಹೆಣೆಯುವಷ್ಟೂ ವೇಳೆ ಸಿಗಲಿಲ್ಲ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಸಂಧಾನದ ಕೆಲಸ ಸಹಜವಾಗಿ ನನ್ನ ಕೊರಳಿಗೆ ಬಿತ್ತು. ಮೂರು ಸಲ ನರಗುಂದಕ್ಕೆ ಹೋಗಿ, ಭಾವನ ಪಂಪ್‌ಸೆಟ್ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕುಳಿತು, ಅವನ ಚಹಾ ಕುಡಿದು, ಅವನ ಬೈಗುಳ ಕೇಳಿ ಬಂದೆ. ಮೂರನೆಯ ಸಲ ಅವನು ಕರಗಿದ.

“ಖಂಡೇನಮಿಗೆ ಬರ್ತೀವ್ರಿ ಮಾಸ್ತರ. ಮರ್ಯಾದಿ ಸಿಕ್ಕರ ಮರುದಿನ ಬನ್ನಿ ಕೊಟ್ಟು ನಗಕೋತ ಹೋಗ್ತೀವಿ. ಸಿಗಲಿಲ್ಲ ಅಂದ್ರ ಮಾತ್ರ ನಿಮ್ಮ ತಂಗಿ ಸಾಯೂ ತನಕ ಆ ಹೊಸ್ತಲಾ ತುಳಿಯೂದಿಲ್ಲ. ನೋಡ್ಕೋರಿ.”

ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಹಬ್ಬದ ದಿನ ಮುಂಜಾನೆ ಭಾವ ಬಂದ. ಹಿಂದೆ ತಂಗಿ. ಅವ್ವ ಬಾಗಿಲಲ್ಲೇ ಅವಳ ಮುಖ ಸವರಿ ಲಟಿಕೆ ಮುರಿದಳು. ಇಬ್ಬರೂ ಅಳುತ್ತ ಅಡುಗೆಮನೆಗೆ ಹೋದರು. ಗಂಡಸರು ಮೂವರು ಪಡಸಾಲೆಯಲ್ಲಿ ಉಳಿದೆವು. ತಮ್ಮ ಕಂಬಕ್ಕೆ ಒರಗಿ, ತುದಿ ಹೋದ ಕಿವಿಯನ್ನು ಭಾವನ ಕಡೆಗೇ ತಿರುಗಿಸಿ ಕುಳಿತ. ಆಗ ಭಾವ ಅಂಗಿಯ ಜೇಬಿನಿಂದ ಒಂದು ದಪ್ಪನೆಯ ಕರಿಯ ವಸ್ತು ತೆಗೆದು, ಪುಸ್ತಕ ಬಿಚ್ಚಿದಂತೆ ಬಿಚ್ಚಿದ. ಒಳಗೆ ಅಂಗೈ ಅಗಲದ ಪರದೆ ಹೊಳೆಯಿತು.

ಚಹಾ ತಂದ ಅವ್ವ ಬಗ್ಗಿ ನೋಡಿದಳು. “ಏನದು ಅಳ್ಯಾರ, ಎಲಿ ಅಡಕಿ ಚೀಲೇನ್ರಿ?”

“ಫೋನ್ ರೀ ಅತ್ತಿ. ಮಡಚೂ ಫೋನು.”

ಮಡಚುವ ಫೋನು ನನಗೆ ಹೊಸದಾಗಿರಲಿಲ್ಲ. ನನ್ನ ಮೊಟ್ಟಮೊದಲ ಫೋನೇ ಮುಚ್ಚಳದ್ದು. ಅದರ ಕೀಲು ಸಡಿಲಾಗಿ, ಮುಚ್ಚಳ ಒಂದೇ ತಂತಿಯ ಮೇಲೆ ಜೋತಾಡಿ, ಅರ್ಧ ಕೊಯ್ದ ಕೋಳಿಯ ಹಾಗೆ ನಾಲ್ಕು ದಿನ ಒದ್ದಾಡಿ ಸತ್ತಿತ್ತು. ಆಮೇಲೆ ಜಗತ್ತು ಮಡಚುವುದನ್ನು ಬಿಟ್ಟು ಹಲಗೆಯಂಥ ಫೋನಿಗೆ ಬಂತು. ಈಗ ಹಲಗೆಯನ್ನೇ ಮಡಚುತ್ತಿದ್ದಾರೆ. ಇದಕ್ಕೆ ಪ್ರಗತಿ ಎಂದು ಹೆಸರು ಎಂಬುದನ್ನು ನಾನೇ ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ.

ಹುಬ್ಬಳ್ಳಿಯಲ್ಲಿ ಯಾರೋ ವಾಪರಿಸಿ, ಬಳಸಿ ಬಿಟ್ಟದ್ದನ್ನು ಭಾವ ಕೊಂಡಿದ್ದ. ಆದರೂ ಅದರ ಹುಟ್ಟು ಬೆಳವಣಿಗೆಯನ್ನು ಮಠದಲ್ಲಿ ಪುರಾಣ ಹೇಳುವವರ ಗತ್ತಿನಲ್ಲಿ ಹೇಳತೊಡಗಿದ.

“ಮೊದಲ ಮಾಡಿದಾಗ ಕೀಲಿನ್ಯಾಗ ಧೂಳ ಹೊಕ್ಕು ಪರದಿ ಉಬ್ಬತಿತ್ತಂತ್ರಿ. ಎಲ್ಲಾ ವಾಪಸ್ ತಗೊಂಡ್ರು. ಮುಂದ ಕೀಲಿನೊಳಗ ಸಣ್ಣ ಸಣ್ಣ ಬ್ರಷ್ ಕುಂದ್ರಿಸಿದ್ರು. ಧೂಳ ಬಂತಂದ್ರ ಕಸಬರಿಗಿಲೆ ಹೊಡದಂಗ ಹೊರಗ ಹಾಕ್ತಾವು.”

“ನಮ್ಮ ಎರಿ ಹೊಲದ ಧೂಳ ನೋಡಿಲ್ಲ ಬಿಡ್ರಿ ಆ ಬ್ರಷ್ಷು,” ಎಂದ ತಮ್ಮ.

ಭಾವ ಅದನ್ನು ಕೇಳದವನಂತೆ ನನ್ನ ಕಡೆ ತಿರುಗಿದ. “ಫ್ಯಾಕ್ಟರಿಯೊಳಗ ಒಂದು ಮಷೀನ್ ಐತ್ರಿ ಮಾಸ್ತರ. ಮಡಚೂದು, ಬಿಚ್ಚೂದು. ಮಡಚೂದು, ಬಿಚ್ಚೂದು. ಲಕ್ಷಗಟ್ಲೆ ಸರ್ತಿ. ಅಷ್ಟಾದ್ರೂ ಮುರಿಯಂಗಿಲ್ಲ.”

“ನಿಮ್ಮ ಕೊರಳ ಎಲಬಾ ಮೊದಲ ಆ ಮಷೀನಿಗೆ ಹಾಕಿ ನೋಡಬೇಕಿತ್ತು ಮಾವಾ,” ಎಂದ, ಅಕ್ಕನ ಗಂಡನನ್ನು ಮಾವ ಎಂದೇ ಕರೆಯುವ ತಮ್ಮ.

“ಏ, ಬಾಯಿ ಮುಚ್ಚೋ!” ಎಂದಳು ಅವ್ವ. ಭಾವ ಚಹಾದ ಬಸಿಯನ್ನು ನಿಧಾನ ಕೆಳಗಿಟ್ಟ. ಕೊಟ್ಟ ಮಾತು ನೆನಪಾಗಿ ನಾನು ಲಗೂನೆ ಕೇಳಿದೆ: “ಭಾವನವರ, ಈ ಗ್ಲಾಸು ಮಡಚತೈತಿ ಅಂದ್ರ ಹ್ಯಾಂಗ್ರಿ?”

“ಹಾಂ, ಇದು ಪ್ರಶ್ನಿ! ಗ್ಲಾಸು ಕೂದಲಿನಷ್ಟು ತೆಳ್ಳಗ ಇರ್ತೈತ್ರಿ. ಅದರ ಮ್ಯಾಲ ಒಂದು...”

“ಅಳ್ಯಾರ, ನೀರು ಕಾದಾವು. ಜಳಕಾ ಮಾಡ್ರಿ ಲಗೂ, ಪೂಜಿಗೆ ಹೊತ್ತಾತು,” ಎಂದಳು ಅವ್ವ.

ಭಾವ ಎದ್ದ. ಫೋನನ್ನು ನನ್ನ ಕೈಗೆ ಕೊಟ್ಟ. “ಇದನ್ನೂ ಸಾಲಿನ್ಯಾಗ ಇಡ್ರಿ ಮಾಸ್ತರ. ನನ್ನ ಆಯುಧ ಇದ.”

ನಮ್ಮ ಮನೆಯ ಪೂಜೆಗೆ ಒಂದು ಕಟ್ಟಳೆ ಇದೆ. ಯಾವ ವಸ್ತುವನ್ನೂ ಹೊದಿಕೆಯ ಸಮೇತ ಪೂಜಿಸುವುದಿಲ್ಲ. ಹೊದಿಕೆಗೆ ಹಚ್ಚಿದ ವಿಭೂತಿ ಹೊದಿಕೆಗೇ ಮುಟ್ಟುತ್ತದೆ, ಆಯುಧಕ್ಕಲ್ಲ ಎಂಬುದು ಅಜ್ಜಿಯ ಮಾತು. ಈ ಮಾತಿಗಾಗಿ ತಮ್ಮನ ಹೊಸ ಟ್ರ್ಯಾಕ್ಟರಿನ ಸೀಟಿನ ಪ್ಲಾಸ್ಟಿಕ್ಕನ್ನು ಅವನ ಕಣ್ಣೆದುರೇ ಹರಿದಿದ್ದೆ. ಟೀವಿಯದನ್ನೂ ಬಿಟ್ಟಿರಲಿಲ್ಲ. ಈಗ ಭಾವನ ಫೋನು ಬಿಚ್ಚಿ ನೋಡಿದರೆ ಒಳಗಿನ ಪರದೆಯ ಮೇಲೆ ಪ್ಲಾಸ್ಟಿಕ್ಕಿನ ತೆಳುವಾದ ಪೊರೆ. ಮಡಿಕೆ ಬೀಳುವಲ್ಲಿ ಗುಳ್ಳೆ ಎದ್ದಿದೆ, ಒಂದು ಮೂಲೆ ಬಿಟ್ಟುಕೊಂಡಿದೆ. ಇಷ್ಟು ದೊಡ್ಡ ಮನುಷ್ಯ ಪ್ಯಾಕಿಂಗ್ ಹಾಳೆಯನ್ನೂ ತೆಗೆಯದೆ ತಿರುಗುತ್ತಿದ್ದಾನಲ್ಲ ಎಂದು ಕನಿಕರವಾಯಿತು. ಮೂಲೆಗೆ ಉಗುರು ಹಾಕಿದೆ. ಅಂಟು ಬಿಗಿಯಾಗಿತ್ತು. ನಾನೂ ಬಿಗಿಯಾಗಿಯೇ ಎಳೆದೆ.

ಮೊಲದ ಚರ್ಮ ಸುಲಿದಂಥ ಸಪ್ಪಳ ಬಂತು. ಪೊರೆ ಕೈಗೆ ಬಂತು. ಪರದೆಯ ಎಡಭಾಗ ಒಮ್ಮೆ ಬೆಳ್ಳಗೆ ಮಿಂಚಿ ಕಪ್ಪಾಯಿತು. ಬಲಭಾಗದಲ್ಲಿ ಹಸಿರು ಗೆರೆಯೊಂದು ಜೀವ ಹೋಗುವವರ ನಾಡಿಯಂತೆ ಅದುರತೊಡಗಿತು. ವಿಜ್ಞಾನದ ಮಾಸ್ತರನಾಗಿ ನಾನು ಇದನ್ನು ಪೂರ್ತಿ ಐದು ಸೆಕೆಂಡು ಅವಲೋಕಿಸಿದೆ. ಆಮೇಲೆ ಹೇಡಿಯಾಗಿ ಫೋನನ್ನು ಮಡಚಿ, ಮೇಲೆ ಮೂರು ಬೆರಳು ವಿಭೂತಿ ಎಳೆದು, ಕೊಡಲಿಗೂ ಹಾರೆಗೂ ನಡುವೆ ಇಟ್ಟುಬಿಟ್ಟೆ.

ಪೂಜೆ ಸಾಂಗವಾಗಿ ನಡೆಯಿತು. ಕಾಯಿ ಒಡೆದೆವು. ಕರ್ಪೂರ ಬೆಳಗಿದೆವು. ತಂಗಿ ಅವ್ವನ ಪಕ್ಕ ನಿಂತು ಕೈಮುಗಿದಿದ್ದಳು. ಅದನ್ನು ಕಂಡು ಭಾವನ ಮನಸ್ಸು ತುಂಬಿ ಬಂದಿರಬೇಕು. “ನಿಂದರ್ರಿ ಅತ್ತಿ, ತಾಯಿ ಮಗಳದು ಒಂದು ಫೋಟೋ ಹೊಡೀತೀನಿ,” ಎಂದು ಫೋನು ಎತ್ತಿ ಬಿಚ್ಚಿದ.

ಪರದೆಯನ್ನು ಬೆರಳಿನಿಂದ ಒರೆಸಿ, ಮತ್ತೆ ಒರೆಸಿ ನೋಡಿದ.

“ಯಾವ ಹಲ್ಕಟ್ ಮಗಾ ಕಿತ್ತಾನ ಇದನ್ನ?”

ಈಗ ನಾನು ಬಾಯಿ ಬಿಡಬೇಕಿತ್ತು. ಖರೇ ಹೇಳ್ರಲೇ ಎಂದು ಮಕ್ಕಳ ಅಂಗೈಗೆ ಬೆತ್ತ ಬೀಸಿದ ನನ್ನ ನಾಲಗೆ ಅಂಗುಳಕ್ಕೆ ಅಂಟಿ ಕುಳಿತಿತು. ಬಾಯಿ ಬಿಟ್ಟವನು ತಮ್ಮ. “ದೇವರು ಪೂಜಿ ಮೆಚ್ಚಿ ಅರ್ಧಾ ಪರದಿ ತಾನ ಇಟಗೊಂಡಾನ್ರಿ ಮಾವಾ,” ಎಂದು ನಕ್ಕ.

ಭಾವ ಫೋನು ಮಡಚಿ ಮುಷ್ಟಿಯಲ್ಲಿ ಹಿಡಿದು, ಅದರ ಕೀಲಿನ ಕಡೆಯಿಂದ ತಮ್ಮನ ಹುಬ್ಬಿಗೆ ಹೊಡೆದ. ಕೀಲು ಮುರಿಯುವುದಿಲ್ಲ ಎಂದು ಅವನು ಹೇಳಿದ್ದು ಅಕ್ಷರಶಃ ಖರೆಯಾಗಿತ್ತು. ಹುಬ್ಬು ಮಾತ್ರ ಹರಿದು, ಚರ್ಮ ಕಣ್ಣಿನ ಮೇಲೆ ಜೋತುಬಿತ್ತು. ತಮ್ಮ ರಕ್ತ ಒರೆಸಿಕೊಳ್ಳದೆ ಸಾಲಿನಿಂದ ಬಾರಕೋಲು ಎತ್ತಿದ. ಭಾವ ಹಾರೆ ಎತ್ತಿದ. ಎಲ್ಲವನ್ನೂ ತೊಳೆದು ಒರೆಸಿ ಇಟ್ಟಿದ್ದೆನಾದ್ದರಿಂದ ಯಾರಿಗೂ ಹಿಡಿತ ಜಾರಲಿಲ್ಲ.

ಹಾರೆಯ ಮೊದಲ ಪೆಟ್ಟು ಕಂಬಕ್ಕೆ ಬಿದ್ದು ಚಕ್ಕೆ ಹಾರಿತು. ಎರಡನೆಯದು ತಮ್ಮನ ಪಾದದ ಮೇಲೆ ಬಿತ್ತು. ಒಣ ತೊಗರಿಕಟ್ಟಿಗೆ ಮುರಿದ ಸಪ್ಪಳ ಕೇಳಿಸಿತು. ಅವನು ಒಂದೇ ಕಾಲಿನ ಮೇಲೆ ಕುಣಿಯುತ್ತ ಭಾವನ ಮಣಿಕಟ್ಟಿಗೆ, ಬೆನ್ನಿಗೆ, ಮತ್ತೆ ಮಣಿಕಟ್ಟಿಗೆ ಬಾರಿಸಿದ. ಹಾರೆ ಕೈಬಿಟ್ಟಿತು. ಇಬ್ಬರೂ ತೆಕ್ಕೆಗೆ ಬಿದ್ದು ಬಾಳೆಹಣ್ಣು, ಕಾಯಿಹೋಳು, ಕುಂಕುಮದ ನಡುವೆ ಹೊರಳಾಡಿದರು. ಯಾವುದು ಕುಂಕುಮ, ಯಾವುದು ರಕ್ತ ಎಂಬುದು ಬಗೆಹರಿಯದಾಯಿತು. ತಮ್ಮನ ಹೆಬ್ಬೆರಳು ಭಾವನ ಕಣ್ಣು ಹುಡುಕುತ್ತಿತ್ತು. ಭಾವನ ಹಲ್ಲು ತಮ್ಮನ ಉಳಿದ ಕಿವಿಯನ್ನು ಹುಡುಕುತ್ತಿತ್ತು.

ಆಗ ನನಗೆ ಧೈರ್ಯ ಬಂತು. “ನಾನ ಕಿತ್ತೀನ್ರೋ! ನಾನ!” ಎಂದು ಕೂಗುತ್ತ ನಡುವೆ ಹೊಕ್ಕೆ. ಸತ್ಯಕ್ಕೆ ಬಂದ ಉತ್ತರ ಒಂದು ಮೊಣಕೈ. ಮುಂದಿನ ಎರಡು ಹಲ್ಲು ಅಲ್ಲೇ ಪ್ರಸಾದದಲ್ಲಿ ಬಿದ್ದವು. ಮೊಣಕೈ ಯಾರದೆಂದು ಈವರೆಗೂ ಇಬ್ಬರೂ ಒಪ್ಪಿಕೊಂಡಿಲ್ಲ.

ಭಾವ ಎದ್ದ. ಬಾಯಿಯಿಂದ ರಕ್ತ ಉಗುಳಿದ. “ಮುಗೀತು. ನಡೀ ಮನೀಗೆ,” ಎಂದು ತಂಗಿಯ ಜಡೆಗೆ ಕೈಹಾಕಿ ಹೊಸ್ತಿಲ ಕಡೆ ಜಗ್ಗಿದ. ಅವಳ ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಅವ್ವ ಚೀರಿದಳು. ತಂಗಿ ಚೀರಲಿಲ್ಲ. ಬಗ್ಗಿ ಸಾಲಿನಿಂದ ಒನಕೆ ಎತ್ತಿಕೊಂಡಳು. ಎರಡೂ ಕೈಯಿಂದ ಹಿಡಿದು, ಜೋಳ ಕುಟ್ಟುವ ಅಳತೆಯಲ್ಲಿ, ಗಂಡನ ಮೊಣಕಾಲ ಕೆಳಗೆ ಒಂದೇ ಒಂದು ಪೆಟ್ಟು ಹಾಕಿದಳು. ಅವನು ಹೊಸ್ತಿಲ ಮೇಲೇ ಕುಸಿದ.

“ಭಲೇ ಅಕ್ಕಾ!” ಎಂದ ತಮ್ಮ.

ಎರಡನೆಯ ಪೆಟ್ಟು ತಮ್ಮನ ಭುಜಕ್ಕೆ ಬಿತ್ತು. ಆಮೇಲೆ ಅವಳು ನನ್ನ ಕಡೆ ನೋಡಿದಳು. ನನ್ನ ಬಾಯಿಯ ಸ್ಥಿತಿ ನೋಡಿ ಬಿಟ್ಟಳು.

“ಆರು ವರ್ಷ ಆತು,” ಎಂದಳು. ಏದುಸಿರು ಬಿಡುತ್ತಿದ್ದಳು. “ನಿಮ್ಮ ಎತ್ತು, ನಿಮ್ಮ ಹಲ್ಲು, ನಿಮ್ಮ ಫೋನು. ನೀವು ಹೊಡದಾಡ್ಕೊಂಡು ಸಾಯ್ರಿ. ನಾ ನಮ್ಮವ್ವನ ಕೂಡ ಉಣ್ಣಾಕ ಬಂದೀನಿ.” ಒನಕೆಯನ್ನು ಅದು ಇದ್ದ ಜಾಗದಲ್ಲೇ ಮತ್ತೆ ಇಟ್ಟು ಒಳಗೆ ಹೋದಳು. ತಾಯಿ ಮಗಳು ಹೋಳಿಗೆ ಉಂಡರು. ನಾನು ಗಾಯಾಳುಗಳನ್ನು ಟ್ರ್ಯಾಕ್ಟರಿನ ಟ್ರೇಲರಿಗೆ ಹೇರಿಸಿಕೊಂಡು ದವಾಖಾನೆಗೆ ಹೋದೆ.

ಡಾಕ್ಟರು ಮೂವರನ್ನೂ ಸಾಲಾಗಿ ನೋಡಿ ಕೇಳಿದರು: “ಹ್ಯಾಂಗಾತ್ರಿ ಇದು?”

“ಪೂಜಾದಾಗ ಆತ್ರಿ,” ಎಂದೆ.

“ಯಾರ್ದು ಪೂಜಾ?”

ತಮ್ಮನ ಪಾದಕ್ಕೆ, ಭಾವನ ಕಾಲಿಗೆ, ಮಣಿಕಟ್ಟಿಗೆ ಪ್ಲಾಸ್ಟರ್ ಬಿತ್ತು. ಹಬ್ಬದ ದಿನ ಮಂಚ ಖಾಲಿ ಇದ್ದದ್ದು ಎರಡೇ, ಅದೂ ಅಕ್ಕಪಕ್ಕ.

ಮೂರನೆಯ ದಿನ ಫೋನು ಹಿಡಿದುಕೊಂಡು ಗಜೇಂದ್ರಗಡಕ್ಕೆ ಹೋದೆ. ಇಂಥವನ್ನು ಬಿಚ್ಚಬಲ್ಲ ರಿಪೇರಿಯವರು ಅಲ್ಲೊಬ್ಬರಿದ್ದಾರೆ ಎಂದು ಕೇಳಿದ್ದೆ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದ ಮುಸಲ್ಮಾನ ಹಿರಿಯರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಕೀಲಿನಲ್ಲಿ ಒಣಗಿದ ರಕ್ತವನ್ನೂ ವಿಭೂತಿಯನ್ನೂ ಸೂಜಿಯಿಂದ ಕೆರೆದು ನೋಡಿದರು.

“ಮ್ಯಾಲಿನ ಪೊರಿ ತೆಗದೀರಿ?”

“ಪ್ಯಾಕಿಂಗ್ ಅಂತ ತಿಳಕೊಂಡ್ನಿ.”

“ಅದು ಪ್ಯಾಕಿಂಗ್ ಅಲ್ರೀ ಸಾಹೇಬ್ರ, ಪರದೀದ ಚರ್ಮ ಅದು. ತೆಗದ್ರ ಜೀವಾ ಹೋತು.” ಅವರು ಭೂತಗನ್ನಡಿ ತೆಗೆದರು. “ಹೊಸಾ ಮಾಡೆಲ್‌ನ್ಯಾಗ ಅದರ ಅಂಚು ಕೈಗೆ ಸಿಗದಂಗ ಒಳಗ ತೂರ್ಸ್ಯಾರ. ಎಲ್ಲಾ ಊರಾಗೂ ನಿಮ್ಮಂಥಾ ಮಂದಿ ಭಾಳ ಆದ್ರು ಅನಸ್ತೈತಿ.”

ತಂತ್ರಜ್ಞಾನದ ಬೆಳವಣಿಗೆಗೆ ನನ್ನಂಥವರ ಕೊಡುಗೆ ಏನೆಂದು ಆಗ ಗೊತ್ತಾಯಿತು.

ಅಲ್ಲಿಂದ ನೇರ ದವಾಖಾನೆಗೆ ಹೋಗಿ, ಭಾವನ ಮಂಚದ ಪಕ್ಕ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವನು ತಮ್ಮನ ಮಂಚದ ಕಡೆ ನೋಡಿದ. “ಹಾಂಗಾರ ಇವನ್ನ ಸುಮ್ನ ಹೊಡದ್ನೇನ್ರಿ?”

“ಹೌದ್ರಿ.”

“ಇರ್ಲಿ ಬಿಡ್ರಿ. ಎತ್ತಿಂದು ಬಾಕಿ ಇತ್ತು.”

“ಎತ್ತು ಇನ್ನೂ ಹೊಲದಾಗ ಗಳೇ ಹೊಡೀತೈತಿ ಮಾವಾ, ಬಂದು ನೋಡ್ರಿ,” ಎಂದ ತಮ್ಮ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು.

ಇಬ್ಬರೂ ಪ್ಲಾಸ್ಟರಿನ ಭಾರಕ್ಕೆ ಏಳಲಾರದೆ ಸುಮ್ಮನಾದರು. ಅಷ್ಟರಲ್ಲಿ ತಂಗಿ ಬುತ್ತಿ ತಂದಳು. ಅವಳ ಹಣೆಯ ಮೇಲಿನ ಬಾವು ನೀಲಿಗಟ್ಟಿತ್ತು. ಗಂಡನ ತಲೆದಿಂಬು ಸರಿಮಾಡಿ, ಬಾಯಿಗೆ ತುತ್ತು ಕೊಡುತ್ತ, ದನಿ ಏರಿಸದೆ ಹೇಳಿದಳು: “ಕಾಲು ಕೂಡೂ ತನಕ ನಿಮ್ಮ ಸೇವಾ ಮಾಡ್ತೀನಿ. ಆಮ್ಯಾಲ ಹಬ್ಬಕ್ಕೊಮ್ಮಿ ಇಲ್ಲಿಗೆ ಬರ್ತೀನಿ, ಎಂಟು ದಿನ ಇರ್ತೀನಿ. ತಡೀಬೇಕು ಅನಸಿದ್ರ ಎದ್ದು ತಡೀರಿ.”

ಭಾವ ಪ್ಲಾಸ್ಟರ್ ಹಾಕಿದ ಕಾಲನ್ನು ನೋಡಿಕೊಂಡ. ತುತ್ತು ನುಂಗಿದ.

ಫೋನು ದುರಸ್ತಿಯಾಗಲಿಲ್ಲ. ತಂಗಿ ಈಗ ಹಬ್ಬಕ್ಕೊಮ್ಮೆ ನರಗುಂದದಿಂದ ಬಸ್ಸಿನಲ್ಲಿ ಬಂದು ಎಂಟು ದಿನ ಇದ್ದು ಹೋಗುತ್ತಾಳೆ, ಭಾವ ಬರುವುದಿಲ್ಲ.