ನಿನ್ನೆ ಸತ್ತವರೇ ಇವತ್ತೂ

ಬ್ರೌಸರ್ ಸರಿ ಮಾಡಿಕೊಟ್ಟು ಬೈಸಿಕೊಂಡವರು ಯಾರಾದರೂ ಇದ್ದೀರಾ, ಗೆಳೆಯರೇ?

ಅಪ್ಪ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಉಡುಪಿ ಕಡೆಯ ಪೇಪರ್ ತೆರೆದು ಮೊದಲು ಓದುವುದೇ ನಿಧನದ ಪುಟ. ಇವತ್ತು ಕೂಗಿದರು: "ಎಂಥದು ಮಾರಾಯ ಇದು, ನಿನ್ನೆ ಸತ್ತವರೇ ಇವತ್ತೂ ಸತ್ತಿದ್ದಾರಲ್ಲ!"

"ಹೊಸಬರು ಸಾಯಲಿಲ್ಲ ಅಂತ ಬೇಸರವಾ ನಿಮಗೆ?" ಎಂದು ರೇಗಿ, ಬ್ರೌಸರ್ ಹಿಡಿದಿಟ್ಟುಕೊಂಡಿದ್ದ ಹಳೇ ಪುಟಗಳನ್ನೆಲ್ಲ ಅಳಿಸಿದೆ. ಇವತ್ತಿನ ಪುಟ ಬಂತು. ಮೇಲ್ಗಡೆಯೇ ವಾಸಣ್ಣನ ಫೋಟೊ. ಮದ್ರಾಸಿನ ಟ್ರಿಪ್ಲಿಕೇನ್‌ ಹೋಟೆಲಿನಲ್ಲಿ ಅಪ್ಪನ ಜೊತೆ ದೋಸೆಕಲ್ಲಿಗೆ ನಿಂತೇ ವಯಸ್ಸಾದವರು, ಈಚೆಗಷ್ಟೇ ಊರು ಸೇರಿದ್ದರು.

ಅಪ್ಪ ತುಂಬ ಹೊತ್ತು ನೋಡಿದರು. "ಸರಿ ಮಾಡಲಿಕ್ಕೆ ನಿನಗೆ ಯಾರು ಹೇಳಿದ್ದು? ಆ ಹಳೇದನ್ನೇ ಹಾಕು."

"ಅದು ಅಳಿಸಿಹೋಯ್ತು, ಅಪ್ಪ."

ಕಂಪ್ಯೂಟರ್ ಈಗ ಒಂದು ತೊಂದರೆಯೂ ಇಲ್ಲದೆ ಓಡುತ್ತಿದೆ. ಅಪ್ಪ ಮಾತ್ರ ಅದರ ಮುಂದೆ ಕೂರಲು ಒಪ್ಪುತ್ತಿಲ್ಲ.