ಕೆಳಗಿನ ಮನೆಯ ಕೂಗು

ದೆವ್ವ, ಶಕುನ, ಮನಸ್ಸಿನಿಂದ ಮನಸ್ಸಿಗೆ ಸುದ್ದಿ ಹೋಗುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಅಂಥ ಅನುಭವ ಹೇಳತೊಡಗಿದರೆ ಒಳಗೊಳಗೇ ನಗುತ್ತಿದ್ದೆ. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ.

ತೊಂಬತ್ತರ ದಶಕದ ಮಾತು. ಮದುವೆಯಾಗಿ ನಾರ್ತ್ ಕೆರೊಲಿನಾದ ಶಾರ್ಲೆಟ್‌ಗೆ ಬಂದಿದ್ದೆ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ. ಗಂಡ ಆಫೀಸಿಗೆ ಹೋದರೆಂದರೆ ಸಂಜೆಯವರೆಗೆ ಮಾತಿಗೊಂದು ನರಪಿಳ್ಳೆಯೂ ಇಲ್ಲ. ಒಗ್ಗರಣೆಯ ಸಾಸಿವೆಯ ಜೊತೆ ಜಗಳವಾಡುವ ಮಟ್ಟಕ್ಕೆ ಬಂದಿದ್ದೆ.

ಒಂದು ಮಧ್ಯಾಹ್ನ ಕೆಳಗಿನ ಮನೆಯಿಂದ ಮಗುವಿನ ಅಳು ಕೇಳಿಸಿತು. “ಅಮ್ಮಾ...” ಎಂದು ಸ್ಪಷ್ಟವಾಗಿ. ಮೊದಲು ಜೋರಾಗಿ, ಆಮೇಲೆ ಬಿಕ್ಕಿ, ಕೊನೆಗೆ ಮೆಲ್ಲಗೆ. ಕಾರ್ಪೆಟ್ಟಿಗೆ ಕಿವಿಯಿಟ್ಟು ಮತ್ತೆ ಕೇಳಿದೆ. ನಿಜ ಹೇಳುತ್ತೇನೆ, ಮಗುವಿನ ಬಗ್ಗೆ ಮರುಕ ಹುಟ್ಟುವ ಮೊದಲೇ ನನಗೆ ಸಂತೋಷವಾಯಿತು. ನಮ್ಮವರು ಯಾರೋ ಬಂದಿದ್ದಾರೆ! ಕನ್ನಡದವರಲ್ಲದಿದ್ದರೆ ತಮಿಳರೋ ತೆಲುಗರೋ, ಯಾರಾದರೇನು! ಗಡಿಬಿಡಿಯಲ್ಲಿ ಕೇಸರಿಬಾತ್ ಮಾಡಿ ಡಬ್ಬಿ ಹಿಡಿದು ಕೆಳಗಿಳಿದೆ.

ಬಾಗಿಲು ತೆರೆದವಳು ಲಿಂಡಾ ಎಂಬ ಅಮೆರಿಕನ್ ಹೆಂಗಸು. ಮನೆಯಲ್ಲಿ ಒಬ್ಬಳೇ ಇದ್ದಳು. ಮಗು ಅಳುತ್ತಿತ್ತಲ್ಲ ಎಂದೊಡನೆ ಅವಳ ಮುಖ ಬಿಳಿಚಿಕೊಂಡಿತು. ಒಳಗೆ ಕರೆದು ಒಂದು ಕೋಣೆ ತೋರಿಸಿದಳು. ಹೊಸ ಪುಟ್ಟ ಮಂಚ, ಪೊಟ್ಟಣ ಬಿಚ್ಚದ ಗೊಂಬೆ. ಅವಳೂ ಗಂಡನೂ ಕೊರಿಯಾದಿಂದ ಎರಡೂವರೆ ವರ್ಷದ ಹುಡುಗಿಯೊಬ್ಬಳನ್ನು ದತ್ತು ತೆಗೆದುಕೊಂಡಿದ್ದರು. ಮಗು ಇನ್ನೂ ಅಲ್ಲೇ ಇತ್ತು, ಮುಂದಿನ ವಾರ ಬರುವುದಿತ್ತು.

“ಯಾರ್ದೋ ಮನೆ ಟೀವಿ ಸೌಂಡ್ ಇರ್ಬೇಕು ಕಣೇ, ಏನೇನೋ ಇಮ್ಯಾಜಿನ್ ಮಾಡ್ಕೋಬೇಡ,” ಎಂದರು ನನ್ನವರು. ನಾನೂ ಹಾಗೇ ಅಂದುಕೊಂಡೆ.

ಮಗು ಬಂದ ದಿನ ನೋಡಲೆಂದು ಮೆಟ್ಟಿಲಲ್ಲಿ ನಿಂತಿದ್ದೆ. ಲಿಂಡಾಳ ತೋಳಿನಿಂದ ಕೊಸರಿಕೊಳ್ಳುತ್ತಾ ಅದು ಕೂಗಿತು. ಜೋರಾಗಿ, ಬಿಕ್ಕಿ, ಮೆಲ್ಲಗೆ. ಅದೇ ದನಿ. ಕೊರಿಯನ್ನರು ತಾಯಿಯನ್ನು ಕರೆಯುವ ಮಾತಿಗೂ ನಮ್ಮ ‘ಅಮ್ಮ’ನಿಗೂ ಕೂದಲೆಳೆಯಷ್ಟೇ ವ್ಯತ್ಯಾಸವೆಂದು ನನಗೆ ಗೊತ್ತಾದದ್ದು ಅಂದೇ.

ಕೆಲವು ದಿನಗಳ ಮೇಲೆ ಲಿಂಡಾ ನನ್ನ ಅಡುಗೆಮನೆಯಲ್ಲಿ ಕುಳಿತು ಅತ್ತುಬಿಟ್ಟಳು. “ಅವಳು ಕರೀತಿರೋದು ನನ್ನನ್ನಲ್ಲ. ಯಾವತ್ತಾದ್ರೂ ಕರೀತಾಳಾ?” ಎಳೆಗೂಸಿನಿಂದಲೂ ಆ ಹುಡುಗಿಯನ್ನು ಸಾಕಿದವಳು ಕೊರಿಯಾದ ಒಬ್ಬ ಹೆಂಗಸಂತೆ. ಪ್ರಯಾಣಕ್ಕೆ ಕೆಲವು ದಿನ ಮುಂಚೆ ದತ್ತು ಸಂಸ್ಥೆಯವರು ಮಗುವನ್ನು ಅವಳಿಂದ ಬಿಡಿಸಿ ತಮ್ಮಲ್ಲಿಗೆ ಕರೆತಂದಿದ್ದರು. ಅದು ಯಾವ ದಿನವೆಂದು ಕೇಳಿದೆ. ಲೆಕ್ಕ ಹಾಕಿದರೆ, ನಾನು ಕೇಸರಿಬಾತ್ ಒಯ್ದಾಗ ಅಲ್ಲಿ ಬೆಳಗಿನ ಜಾವ. ಹೊಸ ಜಾಗದಲ್ಲಿ ಮಗು ಮಲಗಿದ್ದ ಮೊದಲ ರಾತ್ರಿ. ಲಿಂಡಾಳಿಗೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಚಳಿಗಾಲ ಮುಗಿಯುವಷ್ಟರಲ್ಲಿ ಹುಡುಗಿ ‘ಮಮ್ಮಿ’ ಎಂದಳು. ಲಿಂಡಾ ಮೆಟ್ಟಿಲು ಹತ್ತಿ ಓಡಿಬಂದು ನನ್ನನ್ನು ತಬ್ಬಿಕೊಂಡಳು. ನನಗೂ ಕಣ್ಣು ತುಂಬಿತು. ಅಲ್ಲಿಂದಾಚೆ ‘ಅಮ್ಮಾ’ ಎಂಬ ಕೂಗು ಕೆಳಗಿನಿಂದ ಕೇಳಿಸಲಿಲ್ಲ, ಮಧ್ಯಾಹ್ನಗಳು ಮೊದಲಿಗಿಂತ ಉದ್ದವಾದವು.

ಅಷ್ಟು ದೂರದ ಅಳು ನನ್ನ ಕಿವಿಗೆ ಹೇಗೆ ಬಿತ್ತೆಂದು ನನಗೆ ಇಂದಿಗೂ ತಿಳಿಯದು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆಯುವುದು ಬೇರೆಯೇ: ನನಗೆ ಕೇಳಿಸಿದ್ದು, ಆ ಮಗು ಕರೆಯುತ್ತಿದ್ದವಳಿಗೆ ಕೇಳಿಸಿತ್ತೇ?