ರಸ್ತೆಯ ಮೇಲೆ ಬಿಟ್ಟ ಕಲ್ಲು

ಸುಗ್ಗಿಯಲ್ಲಿ ನಮಗೆ ಡಾಂಬರು ರಸ್ತೆಯೇ ಕಣ. ಜೋಳ ಒಣಹಾಕಿ, ಗಾಡಿಗಳು ಹಾಯದಂತೆ ಸುತ್ತ ಕಲ್ಲು ಇಡುತ್ತೇವೆ. ಜೋಳ ಮನೆಗೆ ಬರುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಅಂಥದೊಂದು ಕಲ್ಲಿಗೆ ಬೈಕು ಬಡಿದು ನಮ್ಮ ಸೋದರಮಾವ ಪ್ರಾಣ ಬಿಟ್ಟ. ಆ ಕಲ್ಲು ಇಟ್ಟವರು ನಾನು ಮತ್ತು ಅಣ್ಣ. ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಈ ವರ್ಷ ಅಣ್ಣ ಹೊಸ ಕಾರು ತಂದ. ಮುಂದೆ ಹೋದ ಕಾರು ತಾನು ಕಂಡ ಅಪಾಯವನ್ನು ಇಂಟರ್ನೆಟ್ಟಿನ ಮೂಲಕ ಹಿಂದಿನ ಕಾರಿಗೆ ತಿಳಿಸುತ್ತದಂತೆ. ರೋಣದಿಂದ ಶಿರೋಳಕ್ಕೆ ಹೊರಟಾಗ ಪರದೆಯ ಮೇಲೆ ‘ಮುಂದೆ ಅಡೆತಡೆ’ ಎಂದು ಮೂಡಿತು. ನೋಡಿದರೆ ಯಾರೋ ಜೋಳ ತುಂಬಿಕೊಂಡು ಬಿಟ್ಟುಹೋದ ಕಲ್ಲುಗಳ ಸಾಲು.

“ಇಂಥಾ ಗಾಡಿ ಆಗ ಇದ್ದಿದ್ರ ಮಾಮಾ ಉಳೀತಿದ್ದ ನೋಡು,” ಎನ್ನುತ್ತ ಅಣ್ಣ ಕಲ್ಲುಗಳನ್ನು ತಪ್ಪಿಸಿ ಮುಂದೆ ಹೋದ.

“ನಿಲ್ಲಸಣ್ಣಾ, ಇಳದು ತಗದ ಬರತೀನಿ,” ಎಂದೆ.

“ಯಾಕ? ಹಿಂದ ಬರೋವ್ರಿಗೆ ಗಾಡೀನ ಹೇಳತೈತಿ, ಬಿಡು.”

ನನಗೆ ಮೈಯೆಲ್ಲ ಉರಿಯಿತು. ಕಾರು ತನ್ನ ಕೆಲಸ ಮಾಡಿತ್ತು. ಬಗ್ಗಿ ಕಲ್ಲೆತ್ತುವ ಕೆಲಸ ನಮ್ಮದಾಗಿತ್ತು. ತಿರುಗಿ ನೋಡಿದೆ. ನಮ್ಮ ಹಿಂದೆ ಬರುತ್ತಿದ್ದುದು ಒಂದು ಹಳೆಯ ಬೈಕು. ಅದರ ಮೇಲೆ ಗಂಡ, ಹೆಂಡತಿ, ನಡುವೆ ಕೂಸು.